ಅರವತ್ತರಲ್ಲಿ ಗೃಹಪಾಠ

ಗೃಹಪಾಠದ ಭಾರವು ಅದನ್ನು ಕೊಡುವವನಿಗೆ ತಿಳಿಯದು. ಹೊರುವವನಿಗೆ ಮಾತ್ರ ತಿಳಿಯುವುದು. ಇದು ಯಾವ ಸುಭಾಷಿತ ಸಂಗ್ರಹದಲ್ಲಿಯೂ ದೊರೆಯುವ ಮಾತಲ್ಲ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ, ರಾಮಶಬ್ದವನ್ನು ಹತ್ತು ಸಲ ಬರೆದು ತರಬೇಕೆಂದು ಸಾವಿರಾರು ಮಕ್ಕಳಿಗೆ ವಿಧಿಸಿ, ನಿವೃತ್ತನಾದ ಮರುವರ್ಷ ತಾನೇ ಗೃಹಪಾಠ ಮಾಡಲು ಕುಳಿತ ಒಬ್ಬ ಉಪಾಧ್ಯಾಯನ ಅನುಭವದಿಂದ ಹುಟ್ಟಿದ ಮಾತು.

ನಿವೃತ್ತರಾದವರಿಗೆ ನಮ್ಮ ಊರುಗಳಲ್ಲಿ ಗೊತ್ತಾದ ಉದ್ಯೋಗಗಳು ಮೂರು: ಬೆಳಗಿನ ವಾಯುಸಂಚಾರ, ವೃತ್ತಪತ್ರಿಕೆ, ದೇವಸ್ಥಾನದ ಸಮಿತಿ. ಈ ಮೂರನ್ನೂ ನಾನು ಯಥಾಶಕ್ತಿ ನಡೆಸಿಕೊಂಡು ಬರುತ್ತಿದ್ದೆನು. ಹೀಗಿರುವಾಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನನ್ನ ಮಗನು ಹಬ್ಬಕ್ಕೆ ಬಂದವನು, "ಅಪ್ಪಾ, ನೀವು ಎಲ್ಲರಿಗೂ ಕಥೆ ಹೇಳುತ್ತೀರಿ. ಕಥೆ ಹೇಳುವುದನ್ನೇ ಕಲಿಸುವ ಒಂದು ತರಗತಿ ಅಮೆರಿಕೆಯಲ್ಲಿದೆ. ಅದರ ಅಭ್ಯಾಸಗಳನ್ನು ಯಾರು ಬೇಕಾದರೂ ಮನೆಯಲ್ಲಿಯೇ ಕುಳಿತು ಮಾಡಬಹುದು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ" ಎಂದನು. ಶುಲ್ಕವಿಲ್ಲವೆಂಬುದು ನನಗೆ ಹಿಡಿಸಿತು. ಪರೀಕ್ಷೆಯಿಲ್ಲವೆಂಬುದು ಸ್ವಲ್ಪ ಸಂಶಯವನ್ನುಂಟುಮಾಡಿತು. ಪರೀಕ್ಷೆಯಿಲ್ಲದ ವಿದ್ಯೆಯನ್ನು ನಂಬುವುದು ಉಪಾಧ್ಯಾಯನಾದವನಿಗೆ ಕಷ್ಟ. ಆದರೂ ನೋಡೋಣವೆಂದು ಒಪ್ಪಿದೆನು.

ವಾಚಕರಿಗೆ ಆ ತರಗತಿಯ ಪರಿಚಯವನ್ನು ಮೊದಲು ಮಾಡಿಕೊಡುವುದು ಉಚಿತ. ವರ್ಜೀನಿಯಾ ಸಂಸ್ಥಾನದಲ್ಲಿ ಫ್ರೆಡರಿಕ್ಸ್‌ಬರ್ಗ್ ಎಂಬ ಹಳೆಯ ಊರೊಂದುಂಟು. ಅಮೆರಿಕೆಯ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನ ತಾಯಿ ಮೇರಿ ವಾಷಿಂಗ್ಟನ್ ಬಾಳಿದ್ದ ಊರು ಅದು. ಆಕೆಯ ಹೆಸರನ್ನು ಹೊತ್ತ ವಿಶ್ವವಿದ್ಯಾನಿಲಯವು ಅಲ್ಲಿದೆ. 1908ರಲ್ಲಿ ಅದು ಹೆಣ್ಣುಮಕ್ಕಳನ್ನು ಉಪಾಧ್ಯಾಯಿನಿಯರನ್ನಾಗಿ ತರಬೇತು ಮಾಡುವ ಶಾಲೆಯಾಗಿ ಪ್ರಾರಂಭವಾದದ್ದೆಂದು ತಿಳಿದಾಗ ನನಗೆ ಆ ಸಂಸ್ಥೆಯ ಮೇಲೆ ಬಂಧುಭಾವವೇ ಹುಟ್ಟಿತು. ಅಲ್ಲಿಯ ಗಣಕಶಾಸ್ತ್ರ ವಿಭಾಗದಲ್ಲಿ 106 ಎಂಬ ಸಂಖ್ಯೆಯ ಪಾಠವೊಂದು. ಡಿಜಿಟಲ್ ಕಥನವೆಂದು ಅದರ ಹೆಸರು. ಬಳಕೆಯಲ್ಲಿ 'ಡಿಎಸ್ 106'. 2010ರಲ್ಲಿ ಜಿಮ್ ಗ್ರೂಮ್ ಎಂಬ ಅಧ್ಯಾಪಕರು ಇದಕ್ಕೆ ಹೊಸ ರೂಪವನ್ನು ಕೊಟ್ಟರು. 2011ರ ಜನವರಿಯಲ್ಲಿ ತರಗತಿಯ ಬಾಗಿಲನ್ನು ಲೋಕಕ್ಕೆಲ್ಲ ತೆರೆದರು. ಶುಲ್ಕ ಕೊಟ್ಟು ಸೇರಿದ ವಿದ್ಯಾರ್ಥಿಗಳಿಗೆ ಅಂಕಗಳುಂಟು. ಹೊರಗಿನಿಂದ ಬಂದವರಿಗೆ ಅಂಕವೂ ಇಲ್ಲ, ಪ್ರಶಸ್ತಿಪತ್ರವೂ ಇಲ್ಲ. ಮಾಡಿದಷ್ಟು ಮಾಡಬಹುದು, ಬಿಟ್ಟರೆ ಕೇಳುವವರಿಲ್ಲ.

ಆ ತರಗತಿಯ ವಿಶೇಷವೆಂದರೆ ಅದರ ಅಭ್ಯಾಸಗಳ ಭಂಡಾರ. ಚಿತ್ರ, ವಿನ್ಯಾಸ, ಧ್ವನಿ, ಚಲಚ್ಚಿತ್ರ, ಬರಹ ಮೊದಲಾದ ವರ್ಗಗಳಾಗಿ ವಿಂಗಡಿಸಿದ ನೂರಾರು ಅಭ್ಯಾಸಗಳು ಅದರಲ್ಲಿವೆ. ಒಂದೊಂದಕ್ಕೂ ಎಷ್ಟು ಕಷ್ಟವೆಂದು ತೋರಿಸುವ ನಕ್ಷತ್ರಗಳ ಗುರುತು. ಅವುಗಳಲ್ಲಿ ಅನೇಕವನ್ನು ವಿದ್ಯಾರ್ಥಿಗಳೇ ಸೃಷ್ಟಿಸಿದ್ದಾರೆ. ಗೃಹಪಾಠವನ್ನು ವಿದ್ಯಾರ್ಥಿಗಳೇ ವಿಧಿಸಿಕೊಳ್ಳುವ ಶಾಲೆಯನ್ನು ನಾನಂತೂ ಕನಸಿನಲ್ಲಿಯೂ ಕಂಡಿರಲಿಲ್ಲ. ಇದಲ್ಲದೆ, 2012ರ ಜನವರಿಯಿಂದ 'ದಿನಕ್ಕೊಂದು ಸೃಷ್ಟಿ' ಎಂಬರ್ಥದ ಮತ್ತೊಂದು ಪದ್ಧತಿಯನ್ನೂ ಆರಂಭಿಸಿದರು. ಪ್ರತಿದಿನ ಬೆಳಗ್ಗೆ ಒಂದು ಸಣ್ಣ ಕೆಲಸ. ಇಪ್ಪತ್ತು ನಿಮಿಷದೊಳಗೆ ಮುಗಿಯುವಂಥದ್ದು.

ಇದನ್ನೆಲ್ಲ ಓದಿದಾಗ ನನಗೆ ನೆನಪಾದದ್ದು ನಮ್ಮ ಸಮಸ್ಯಾಪೂರಣ. ಅವಧಾನದ ಸಭೆಯಲ್ಲಿ ಪೃಚ್ಛಕನು ಪದ್ಯದ ಒಂದು ಪಾದವನ್ನು ಮುಂದಿಡುವನು. ಆ ಪಾದ ಮೇಲ್ನೋಟಕ್ಕೆ ಅಸಂಬದ್ಧವಾಗಿರುವುದು. ಅವಧಾನಿಯು ಉಳಿದ ಮೂರು ಪಾದಗಳನ್ನು ರಚಿಸಿ ಅಸಂಬದ್ಧವನ್ನು ಸಂಬದ್ಧವಾಗಿ ಮಾಡಬೇಕು. ಕಟ್ಟು ಬಿಗಿಯಾದಷ್ಟೂ ಪ್ರತಿಭೆ ಚಿಮ್ಮುವುದೆಂಬುದು ಅದರ ಮರ್ಮ. "ಏನಾದರೂ ಬರೆ" ಎಂದರೆ ಹುಡುಗನು ಲೇಖನಿಯ ತುದಿಯನ್ನು ಕಚ್ಚುತ್ತ ಕುಳಿತಿರುವನು. "ಕೊಡೆಯ ವಿಷಯವಾಗಿ ಐದು ವಾಕ್ಯ ಬರೆ" ಎಂದರೆ ಬರೆಯುವನು. ಫ್ರೆಡರಿಕ್ಸ್‌ಬರ್ಗಿನವರು ಮಾಡಿದ್ದೂ ಇದನ್ನೇ. ವ್ಯತ್ಯಾಸವೆಂದರೆ, ಇಲ್ಲಿ ಪಾದಗಳ ಸ್ಥಾನದಲ್ಲಿ ಚಿತ್ರ, ನಾದ, ಕಂಠಗಳಿವೆ.

ಮೊದಲು ಸುಲಭವಾದದ್ದನ್ನು ಆರಿಸಿಕೊಂಡೆನು. ಒಂದು ಕಥೆಯನ್ನು ನಾಲ್ಕೇ ಚಿಹ್ನೆಗಳಲ್ಲಿ ಹೇಳಬೇಕು, ಅಕ್ಷರ ಕೂಡದು, ನೋಡಿದವರು ಕಥೆಯಾವುದೆಂದು ಗುರುತಿಸಬೇಕು. ನಾನು ಶಾಕುಂತಲವನ್ನು ತೆಗೆದುಕೊಂಡೆನು. ಜಿಂಕೆ, ಉಂಗುರ, ಮೀನು, ಸಿಂಹದ ಮರಿ: ಈ ನಾಲ್ಕು ಚಿತ್ರಗಳನ್ನು ಸಾಲಾಗಿ ಕೂರಿಸಿ ನನ್ನ ಮನೆಯವಳಿಗೆ ತೋರಿಸಿದೆನು. ಆಕೆ ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, "ಮೃಗಾಲಯದವರು ಚಿನ್ನದಂಗಡಿ ಇಟ್ಟಿದ್ದಾರೆಯೇ?" ಎಂದಳು. ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗನಾದರೋ ಮೀನನ್ನೂ ಉಂಗುರವನ್ನೂ ಒಟ್ಟಿಗೆ ಕಂಡೊಡನೆ "ಶಕುಂತಲೆ!" ಎಂದು ಕೂಗಿದನು. ಹೀಗೆ ನನ್ನ ಮೊದಲ ಗೃಹಪಾಠಕ್ಕೆ ಮನೆಯಲ್ಲಿ ಸೊನ್ನೆಯೂ ನೆರೆಮನೆಯಲ್ಲಿ ಪೂರ್ಣಾಂಕವೂ ದೊರೆತವು.

ಈ ಸಣ್ಣ ಅಭ್ಯಾಸದಲ್ಲಿಯೂ ಒಂದು ಪಾಠವಿತ್ತು. ಶಾಕುಂತಲದ ಏಳು ಅಂಕಗಳಲ್ಲಿ ಯಾವುದನ್ನು ಬಿಟ್ಟರೂ ಕಥೆ ನಿಲ್ಲುವುದು, ಯಾವುದನ್ನು ಬಿಟ್ಟರೆ ಬೀಳುವುದು ಎಂಬುದನ್ನು ನಾನು ಎರಡು ದಿನ ಯೋಚಿಸಬೇಕಾಯಿತು. ದುರ್ವಾಸನಿಗೆ ಚಿತ್ರವನ್ನು ಕೊಟ್ಟರೆ ಕಣ್ವನಿಗೆ ಸ್ಥಳವಿಲ್ಲ. ದುಂಬಿಯನ್ನು ಕರೆತಂದರೆ ಭರತನು ಹೊರಗುಳಿಯುವನು. ಆ ನಾಟಕವನ್ನು ಎಷ್ಟೋ ಸಲ ಪಾಠ ಹೇಳಿದ್ದರೂ ಅದರ ಎಲುಬಿನ ಹಂದರವನ್ನು ಕೈಯಲ್ಲಿ ಮುಟ್ಟಿ ನೋಡಿದ್ದು ಅಂದೇ.

ಇನ್ನೊಂದು ನಿಯಮ ನನಗೆ ಬಹಳ ಮೆಚ್ಚುಗೆಯಾಯಿತು. ಮಾಡಿದ ಕೆಲಸವನ್ನು ಒಪ್ಪಿಸಿದರೆ ಸಾಲದು. ಅದನ್ನು ಹೇಗೆ ಮಾಡಿದೆ, ಏಕೆ ಹಾಗೆ ಮಾಡಿದೆ, ಅದರಲ್ಲಿ ಬಳಸಿದ ಚಿತ್ರವಾಗಲಿ ನಾದವಾಗಲಿ ಯಾರದು ಎಂಬುದನ್ನು ಜೊತೆಯಲ್ಲಿ ಬರೆಯಬೇಕು. ಮಲ್ಲಿನಾಥನ ವ್ಯಾಖ್ಯಾನಗಳನ್ನು ಓದಿ ಬೆಳೆದವರಿಗೆ ಮೂಲವನ್ನು ತೋರಿಸಿ ಮಾತನಾಡುವ ಈ ಶಿಸ್ತು ಹೊಸದಲ್ಲ. ಸಿಕ್ಕಿದ್ದನ್ನೆಲ್ಲ ತನ್ನದೆಂದು ಹರಡುವ ಇಂದಿನ ಅಂತರ್ಜಾಲದ ಸಂತೆಯಲ್ಲಿ ಇಂಥ ನಿಯಮವನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸುವುದು ಶ್ಲಾಘ್ಯವೆಂದೇ ಹೇಳಬೇಕು.

ಚಿತ್ರಗಳಿಂದ ಧ್ವನಿಗೆ ಬಂದೆನು. ಇಲ್ಲಿ ಪ್ರತಿಯೊಬ್ಬನಿಗೂ ಮೊದಲು ಎದುರಾಗುವ ಕಷ್ಟವೆಂದರೆ ತನ್ನ ಧ್ವನಿಯನ್ನು ತಾನೇ ಕೇಳುವುದು. ನಾವು ಮಾತನಾಡುವಾಗ ನಮ್ಮ ದನಿ ನಮಗೆ ಎರಡು ದಾರಿಗಳಿಂದ ಬರುವುದು: ಗಾಳಿಯ ಮೂಲಕ ಕಿವಿಗೆ ಒಂದು, ತಲೆಯ ಎಲುಬುಗಳ ಮೂಲಕ ಒಳಗಿವಿಗೆ ಮತ್ತೊಂದು. ಎಲುಬಿನ ದಾರಿ ಮಂದ್ರಸ್ವರಗಳನ್ನು ತುಂಬಿ ಕೊಡುವುದು. ಆದುದರಿಂದ ನಮ್ಮ ದನಿ ನಮಗೆ ಗಂಭೀರವಾಗಿ ಕೇಳಿಸುವುದು. ಯಂತ್ರಕ್ಕೆ ಎಲುಬಿಲ್ಲ. ಅದು ಲೋಕ ಕೇಳುವುದನ್ನೇ ಕೇಳಿ ಹಾಗೆಯೇ ಒಪ್ಪಿಸುವುದು. ಮೂವತ್ತನಾಲ್ಕು ವರ್ಷ ಮಕ್ಕಳು ಕೇಳಿದ ಕಂಠ ಇದೇ ಎಂದು ತಿಳಿದಾಗ ಅವರ ತಾಳ್ಮೆಯ ಮೇಲೆ ನನಗೆ ಅಪಾರ ಗೌರವ ಹುಟ್ಟಿತು.

ಧ್ವನಿಮುದ್ರಣಕ್ಕೆ ಬೇಕಾದ ಸಾಮಗ್ರಿ ಹೆಚ್ಚಿನದೇನೂ ಅಲ್ಲ. ಕೈಯಲ್ಲಿರುವ ಮೊಬೈಲು, ಮುದ್ರಿಸಿದ್ದನ್ನು ತಿದ್ದಲು 'ಆಡಾಸಿಟಿ' ಎಂಬ ಉಚಿತವಾದ ತಂತ್ರಾಂಶ. ಬರಿಯ ಗೋಡೆಗಳ ಕೋಣೆಯಲ್ಲಿ ಮಾತು ಪ್ರತಿಧ್ವನಿಸಿ ಕೆಡುವುದಾದುದರಿಂದ ಬಟ್ಟೆಗಳ ನಡುವೆ ಮಾತನಾಡುವುದು ಒಳ್ಳೆಯದು. ಆದಕಾರಣ ನಾನು ಕಪಾಟಿನ ಬಾಗಿಲನ್ನು ತೆರೆದು, ಸೀರೆ ಪಂಚೆಗಳ ಮಧ್ಯೆ ತಲೆಯಿಟ್ಟು ಕಥೆ ಹೇಳುವುದನ್ನು ಅಭ್ಯಾಸ ಮಾಡಿದೆನು. ಹಗಲಲ್ಲಿ ಕುಕ್ಕರಿನ ಸೀಟಿ, ಮಿಕ್ಸಿಯ ಗರ್ಜನೆ, ತರಕಾರಿಯವನ ಕೂಗು. ಆದುದರಿಂದ ರಾತ್ರಿ ಹತ್ತರ ಮೇಲೆ. ನಡುರಾತ್ರಿಯಲ್ಲಿ ಯಜಮಾನನು ಕಪಾಟಿನೊಡನೆ ಸಂಭಾಷಿಸುವುದನ್ನು ಕಂಡರೆ ಯಾವ ಗೃಹಿಣಿಗೆ ತಾನೆ ಚಿಂತೆಯಾಗದು? "ನಾಳೆ ವೈದ್ಯರ ಬಳಿಗೆ ಹೋಗಿ ಬರೋಣ" ಎಂದು ಆಕೆ ಹೇಳಿದ್ದು ಪೂರ್ತಿಯಾಗಿ ಹಾಸ್ಯವಲ್ಲವೆಂದೇ ತೋರುತ್ತದೆ.

ಆಡಾಸಿಟಿಯಲ್ಲಿ ಧ್ವನಿಯು ತೆರೆಯ ಮೇಲೆ ಅಲೆಯಾಗಿ ಕಾಣುವುದು. ಕೂಗಿದರೆ ದೊಡ್ಡ ಅಲೆ, ಪಿಸುಗುಟ್ಟಿದರೆ ಸಣ್ಣ ಅಲೆ, ಮೌನವಾದರೆ ನೇರವಾದ ಗೆರೆ. ಮೌನವನ್ನು ಕಣ್ಣಿನಿಂದ ನೋಡಬಹುದು, ಬೆರಳಿನಿಂದ ಅಳೆಯಬಹುದು, ಕತ್ತರಿಸಿ ಗಿಡ್ಡಮಾಡಬಹುದು, ಎಳೆದು ಉದ್ದಮಾಡಬಹುದು. ಕಥೆ ಹೇಳುವವನು ಎಲ್ಲಿ ಉಸಿರು ತೆಗೆದುಕೊಂಡನೆಂಬುದೂ ಅರ್ಥಕ್ಕೆ ಸೇರಿದ್ದೆಂದು ಆಲಂಕಾರಿಕರು ಹೇಳುವ ಕಾಕುವಿನ ಪ್ರಕರಣವನ್ನು ನಾನು ಅಲ್ಲಿ ಕಣ್ಣಾರೆ ಕಂಡೆನು.

ಈಗ ಈ ಲೇಖನಕ್ಕೆ ಕಾರಣವಾದ ಅಭ್ಯಾಸಕ್ಕೆ ಬರುತ್ತೇನೆ. ಮಾತಿಲ್ಲದೆ, ಬರಿಯ ಶಬ್ದಗಳಿಂದ ಒಂದು ಕಥೆಯನ್ನು ಹೇಳಬೇಕು. ಶಬ್ದಗಳು ಐದಾದರೆ ಸಾಕು. ನಾನು ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಆರಿಸಿಕೊಂಡೆನು. ಈ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗುವಿಲ್ಲ. ಕಾಗೆಯದು ಸೆಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬಂದು ಕಾಗೆಯ ಮನೆ ಕರಗಿತು. ಕಾಗೆಯು ನೆನೆದುಕೊಂಡು ಬಂದು ಗುಬ್ಬಿಯ ಬಾಗಿಲನ್ನು ತಟ್ಟಿತು. ಗುಬ್ಬಿಯು ಮಗುವಿಗೆ ಎಣ್ಣೆ ಹಚ್ಚುತ್ತಿರುವೆನು, ನೀರು ಹಾಕುತ್ತಿರುವೆನು, ತೊಟ್ಟಿಲು ತೂಗುತ್ತಿರುವೆನು ಎಂದು ನೆವಗಳನ್ನು ಹೇಳುತ್ತ ಹೊರಗೆ ಕಾಯಿಸಿತು. ಲೋಕದಲ್ಲಿ ಕಥೆ ಹೀಗೆ ನಡೆಯುವುದು.

ನನಗೆ ಈ ಕಥೆಯನ್ನು ಹೇಳಿದವಳು ನನ್ನ ಸೋದರತ್ತೆ, ನಮ್ಮ ತಂದೆಯ ಅಕ್ಕ. ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು, ಅಲ್ಲಿಯೇ ಬಾಳಿ, 1989ರಲ್ಲಿ ಅಲ್ಲಿಯೇ ತೀರಿಕೊಂಡಳು. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಆಕೆ. ಮಲೆನಾಡಿನ ಮಳೆಗಾಲದ ಸಂಜೆಗಳಲ್ಲಿ ಒಲೆಯ ಮುಂದೆ ಕುಳಿತು ಆಕೆ ಹೇಳುತ್ತಿದ್ದ ಕಥೆಗಳಿಗೆ ಲೆಕ್ಕವಿಲ್ಲ. ಆದರೆ ಆಕೆಯ ಗುಬ್ಬಕ್ಕನು ಲೋಕದ ಗುಬ್ಬಕ್ಕನಂತಲ್ಲ. ಕಾಗೆ ಒಂದು ಸಲ ಬಾಗಿಲು ತಟ್ಟಿದೊಡನೆಯೇ ಎದ್ದು ಬಂದು ಅಗುಳಿಯನ್ನು ತೆಗೆಯುತ್ತಿದ್ದಳು. ನೆವವಿಲ್ಲ, ತೊಟ್ಟಿಲಿಲ್ಲ. ಶಾಲೆಗೆ ಸೇರಿದ ಮೇಲೆ ಇತರ ಮಕ್ಕಳ ಬಾಯಲ್ಲಿ ಕಾಯಿಸುವ ಗುಬ್ಬಿಯ ಕಥೆಯನ್ನು ಕೇಳಿ, ನಮ್ಮ ಮನೆಯ ಗುಬ್ಬಿಗೆ ಇಷ್ಟು ಅವಸರವೇಕೆಂದು ನನಗೆ ಆಶ್ಚರ್ಯವಾದದ್ದುಂಟು. ಕಥೆಯ ಸ್ವಾರಸ್ಯವೆಲ್ಲ ಕಾಯಿಸುವುದರಲ್ಲಿಯೇ ಇರುವಾಗ ಅತ್ತೆ ಅದನ್ನೇ ಬಿಟ್ಟಿದ್ದಳು.

ಅಭ್ಯಾಸಕ್ಕಾಗಿ ನಾನು ಅತ್ತೆಯ ಪಾಠವನ್ನೇ ಇಟ್ಟುಕೊಂಡೆನು. ಶಬ್ದಗಳನ್ನು ಕೂಡಿಸುವ ಕೆಲಸ ಆರಂಭವಾಯಿತು. ಚಲಚ್ಚಿತ್ರಗಳಲ್ಲಿ ಕೇಳುವ ಹೆಜ್ಜೆಯ ಸಪ್ಪಳ, ಬಟ್ಟೆಯ ಸರಸರ ಮೊದಲಾದವನ್ನು ಬೇರೆಯಾಗಿ ತಯಾರಿಸಿ ಸೇರಿಸುವ ಕಲೆಯೊಂದುಂಟು. ಹಾಲಿವುಡ್ಡಿನಲ್ಲಿ ಅದನ್ನು ರೂಢಿಗೆ ತಂದ ಜ್ಯಾಕ್ ಫೋಲಿ ಎಂಬುವನ ಹೆಸರಿನಿಂದಲೇ ಅದನ್ನು ಕರೆಯುವರು. ನಾನು ನಮ್ಮ ಅಡಿಗೆಮನೆಯ ಫೋಲಿಯಾದೆನು. ಮೊರದಲ್ಲಿ ಅಕ್ಕಿಯನ್ನು ನಿಧಾನವಾಗಿ ಆಡಿಸಿದರೆ ಹೆಂಚಿನ ಮೇಲೆ ಮಳೆ ಬಿದ್ದಂತಾಗುವುದು. "ಹೇಗೂ ಮೊರ ಹಿಡಿದಿದ್ದೀರಿ, ಎರಡು ಕಲ್ಲನ್ನೂ ಆರಿಸಿಬಿಡಿ" ಎಂದಳು ಮನೆಯಾಕೆ. ಒದ್ದೆಯಾದ ಅಂಗವಸ್ತ್ರವನ್ನು ಒದರಿದರೆ ರೆಕ್ಕೆಯ ಸದ್ದು. ಗುಬ್ಬಿಮರಿಗಳ ಚಿಲಿಪಿಲಿಯನ್ನು ಹಿತ್ತಿಲಿನಲ್ಲಿ ಹಿಡಿದೆನು. ಉಳಿದವು ಎರಡು: ಬಾಗಿಲು ತಟ್ಟುವ ಸದ್ದು, ಅಗುಳಿ ತೆಗೆಯುವ ಸದ್ದು.

ಹಳ್ಳಿಯ ನಮ್ಮ ಹಳೆಯ ಮನೆಯನ್ನು 1996ರಲ್ಲಿ ಬಿಚ್ಚಿದಾಗ ತಂದೆಯವರು ಅದರ ಮುಂಬಾಗಿಲನ್ನು ತರಿಸಿ ಈಗಿನ ಮನೆಯ ಹಿತ್ತಿಲಿಗೆ ಕೂರಿಸಿದ್ದರು. ಹಲಸಿನ ಮರದ ದಪ್ಪ ಹಲಗೆ, ಅಡ್ಡಲಾಗಿ ಸರಿಯುವ ಮರದ ಅಗುಳಿ. ಅದನ್ನೇ ತಟ್ಟಿ, ಅದನ್ನೇ ತೆಗೆದು ಶಬ್ದವನ್ನು ಮುದ್ರಿಸಿಕೊಂಡೆನು. ಮಳೆ, ರೆಕ್ಕೆ, ಒಂದು ತಟ್ಟು, ಒಡನೆಯೇ ಅಗುಳಿ, ಬಳಿಕ ಮರಿಗಳ ಚಿಲಿಪಿಲಿ. ಒಟ್ಟು ನಲವತ್ತು ಕ್ಷಣಗಳ ಕಥೆ.

ನಮ್ಮ ತಾಯಿಗೆ ಈಗ ಎಂಬತ್ತಮೂರು ವರ್ಷ. ಎರಡು ವರ್ಷದಿಂದ ಮಾತು ಕಡಿಮೆ. ನೆನಪು ಬಿಸಿಲು ಮೋಡಗಳಂತೆ ಬಂದು ಹೋಗುತ್ತಿರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಆಕೆಯ ಬಳಿ ಕುಳಿತು, ಏನೂ ಹೇಳದೆ, ಮೊಬೈಲಿನಲ್ಲಿ ಆ ಶಬ್ದಗಳನ್ನು ಕೇಳಿಸಿದೆನು. ಆಕೆ ಕಣ್ಣು ಮುಚ್ಚಿ ಕೇಳಿದಳು. ಅಗುಳಿಯ ಸದ್ದಿಗೆ ಕಣ್ಣು ತೆರೆದು, "ನಮ್ಮ ಹಳೆಯ ಮನೆಯ ಬಾಗಿಲು" ಎಂದಳು. ಇನ್ನೊಮ್ಮೆ ಕೇಳಿಸೆಂದಳು. ಎರಡನೆಯ ಸಲ ಕೇಳಿ, "ಇದು ಅತ್ತಿಗೆಯ ಗುಬ್ಬಕ್ಕ" ಎಂದಳು.

"ಹೇಗೆ ತಿಳಿಯಿತಮ್ಮಾ?" ಎಂದು ಕೇಳಿದೆನು.

"ತಟ್ಟಿದ ಕೂಡಲೇ ತೆಗೆದಳಲ್ಲ" ಎಂದಳು.

ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾನಾಗಿಯೇ ಹೇಳಿದಳು. ಅತ್ತೆಯು ಗಂಡನ ಮನೆಯನ್ನು ಬಿಟ್ಟು ತೌರಿಗೆ ಬಂದದ್ದು ಆಷಾಢದ ಒಂದು ರಾತ್ರಿ, ಜಡಿಮಳೆಯಲ್ಲಿ. ಬಂಡಿಯವನು ಅಂಗಳದಲ್ಲಿ ಇಳಿಸಿ ಹೊರಟುಹೋದನು. ಒಳಗೆ ದೀಪವಿತ್ತು, ಮಾತಿತ್ತು. ಆದರೂ ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಅಷ್ಟು ಹೊತ್ತು ಹೊರಗೆ ನಿಂತಾಗ ಕಿವಿಗೆ ಬಿದ್ದ ಮಾತುಗಳಾವುವೆಂದು ಅತ್ತೆ ಯಾರಿಗೂ ಹೇಳಲಿಲ್ಲ. ಬಹಳ ವರ್ಷಗಳ ಮೇಲೆ, ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕಥೆ ಹೇಳುತ್ತಿದ್ದಾಗ, "ಗುಬ್ಬಕ್ಕ ಕಾಯಿಸಬೇಕಲ್ಲವೆ, ಅತ್ತಿಗೆ?" ಎಂದು ನಮ್ಮ ತಾಯಿ ಕೇಳಿದಳಂತೆ. "ಈ ಮನೆಯಲ್ಲಿ ಕಾಯಿಸುವುದು ಬೇಡ, ಒಂದು ಸಲ ಆಗಿದೆ" ಎಂದಳಂತೆ ಅತ್ತೆ.

ನಾನು ಅಲಂಕಾರಶಾಸ್ತ್ರದ ವಿದ್ಯಾರ್ಥಿ. ಆನಂದವರ್ಧನನು ಹೇಳುವ ಧ್ವನಿಯೆಂದರೆ ಮಾತಿನಲ್ಲಿ ಹೇಳದೆ ಹೊಳೆಯಿಸುವ ಅರ್ಥವೆಂದು ಎಷ್ಟೋ ವಿದ್ಯಾರ್ಥಿಗಳಿಗೆ ಉದಾಹರಣೆ ಸಹಿತ ವಿವರಿಸಿದ್ದೇನೆ. ಅದಕ್ಕಿಂತ ಹಿರಿದಾದ ಉದಾಹರಣೆಯೊಂದು ನನ್ನ ಮನೆಯ ಒಲೆಯ ಮುಂದೆಯೇ ಇತ್ತು. ಶಾಸ್ತ್ರವನ್ನು ಓದದ ಒಬ್ಬ ಹೆಂಗಸು ಒಂದು ಮಕ್ಕಳ ಕಥೆಯಲ್ಲಿ ನಾಲ್ಕು ವಾಕ್ಯಗಳನ್ನು ಬಿಟ್ಟು, ಆ ಬಿಟ್ಟ ಜಾಗದಲ್ಲಿ ತನ್ನ ಬಾಳನ್ನೆಲ್ಲ ಇಟ್ಟಿದ್ದಳು.

ಈ ಕಥನಪದ್ಧತಿಯ ಹಿರಿಯರ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಡೇನಾ ಆಚ್‌ಲೀ ಎಂಬ ಅಮೆರಿಕೆಯ ಕಲಾವಿದನು 1990ರ ಸುಮಾರಿಗೆ, ರಂಗದ ಮೇಲೆ ದೂರದರ್ಶನದ ಪೆಟ್ಟಿಗೆಯೊಂದರಲ್ಲಿ ಬೆಂಕಿಯ ಚಿತ್ರವನ್ನು ಉರಿಯಿಸಿ, ಅದರ ಪಕ್ಕದಲ್ಲಿ ಕುಳಿತು ತನ್ನ ಮನೆಯ ಹಳೆಯ ಚಿತ್ರಗಳನ್ನು ತೋರಿಸುತ್ತ ತನ್ನ ಬಾಳಿನ ಕಥೆಗಳನ್ನು ಹೇಳುತ್ತಿದ್ದನು. ಅವನೂ ಜೋ ಲ್ಯಾಂಬರ್ಟ್ ಮೊದಲಾದ ಗೆಳೆಯರೂ ಸೇರಿ 1994ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ, ಸಾಮಾನ್ಯ ಜನರು ತಮ್ಮ ಕಥೆಗಳನ್ನು ಹೀಗೆ ಮಾಡಲು ಕಲಿಯುವ ಕೇಂದ್ರವೊಂದನ್ನು ಸ್ಥಾಪಿಸಿದರು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಬಿಬಿಸಿಯವರು 2001ರಿಂದ 2008ರವರೆಗೆ ಊರೂರಿಗೆ ಹೋಗಿ ಜನರಿಗೆ ಈ ಕಲೆಯನ್ನು ಕಲಿಸಿದರು. ಸುಮಾರು ಇನ್ನೂರೈವತ್ತು ಪದ, ಒಂದು ಡಜನ್ ಚಿತ್ರ, ಎರಡು ನಿಮಿಷ: ಇದೇ ಆ ಕಥೆಯ ಛಂದಸ್ಸು. ಲ್ಯಾಂಬರ್ಟರು ಇದಕ್ಕೆ ಏಳು ಅಂಗಗಳನ್ನು ಹೇಳಿದ್ದಾರೆ. ದೃಷ್ಟಿ, ಕುತೂಹಲದ ಪ್ರಶ್ನೆ, ಭಾವ, ತನ್ನದೇ ಕಂಠ, ಹಿನ್ನೆಲೆಯ ನಾದ, ಮಿತವ್ಯಯ, ಗತಿ ಎಂದು ಅವುಗಳನ್ನು ನಾವು ಕರೆಯಬಹುದು. ಇವುಗಳಲ್ಲಿ ನಮ್ಮವರಿಗೆ ತೀರ ಹೊಸದೆನ್ನುವಂಥದು ಯಾವುದೂ ಇಲ್ಲ. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮಸೀತೆಯರು ಲಕ್ಷ್ಮಣನೊಡನೆ ತಮ್ಮದೇ ಬಾಳಿನ ಚಿತ್ರಗಳನ್ನು ನೋಡುತ್ತ ಕಥೆಯನ್ನು ಮತ್ತೆ ಬಾಳುವರು. ಕಳೆದುಹೋದ ವಿಯೋಗವನ್ನು ಚಿತ್ರದಲ್ಲಿ ಕಂಡು ಸೀತೆ ಅಂಜುವಳು. ಇದು ಬರಿಯ ಚಿತ್ರವೆಂದು ರಾಮನು ಸಮಾಧಾನ ಹೇಳುವನು. ಬರಿಯ ಚಿತ್ರವಲ್ಲವೆಂಬುದು ಪ್ರೇಕ್ಷಕನಿಗೆ ಗೊತ್ತು.

ನನ್ನ ಮುಂದಿನ ಅಭ್ಯಾಸ ಇಂಥದೇ ಒಂದು ಚಿತ್ರಕಥನ. ಅತ್ತೆಯ ಕಥೆಯನ್ನೇ ಮಾಡಬೇಕೆಂದು ನಿಶ್ಚಯಿಸಿದೆನು. ಆಕೆಯ ಚಿತ್ರವೆಂದು ನಮ್ಮಲ್ಲಿರುವುದು ಒಂದೇ, ಅದೂ ಪೂರ್ಣವಾಗಿಲ್ಲ. 1972ರಲ್ಲಿ ನನ್ನ ಉಪನಯನದ ದಿನ ತೆಗೆಸಿದ ಗುಂಪಿನ ಚಿತ್ರ. ಮಂಗಳಕಾರ್ಯದ ಚಿತ್ರದಲ್ಲಿ ವಿಧವೆ ನಿಲ್ಲಕೂಡದೆಂಬುದು ಅಂದಿನ ಆಚಾರ. ಆದುದರಿಂದ ಆಕೆ ಅಡಿಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಛಾಯಾಗ್ರಾಹಕನ ಕಣ್ಣಿಗೆ ಬಿದ್ದದ್ದು ಸೆರಗಿನ ಒಂದು ಅಂಚು, ಬಾಗಿಲಿನ ಚೌಕಟ್ಟನ್ನು ಹಿಡಿದ ಒಂದು ಕೈ. ನಿಶ್ಚಲವಾದ ಚಿತ್ರದ ಮೇಲೆ ದೃಷ್ಟಿಯನ್ನು ಮೆಲ್ಲನೆ ಸರಿಸಿ ಒಂದು ಭಾಗವನ್ನು ಹತ್ತಿರಕ್ಕೆ ತರುವ ಉಪಾಯವೊಂದುಂಟು. ಅಮೆರಿಕೆಯ ಚರಿತ್ರಚಿತ್ರಕಾರ ಕೆನ್ ಬರ್ನ್ಸ್ ಎಂಬುವರ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ನಲವತ್ತು ಜನರ ಮುಖಗಳನ್ನು ದಾಟಿ ಆ ಕೈಯವರೆಗೆ ಹೋಗಲು ನನಗೆ ಹದಿನೆಂಟು ಕ್ಷಣಗಳು ಬೇಕಾದವು.

ಹುಬ್ಬಳ್ಳಿಯಲ್ಲಿರುವ ತಮ್ಮನಿಗೆ ಈ ವಿಷಯವನ್ನು ದೂರವಾಣಿಯಲ್ಲಿ ತಿಳಿಸಿದೆನು. ಅವನಿಗೆ ಒಪ್ಪಿಗೆಯಾಗಲಿಲ್ಲ. "ಅಣ್ಣಾ, ಅತ್ತೆ ಐವತ್ತು ವರ್ಷ ಯಾರೆದುರಿಗೂ ಬಾಯಿ ಬಿಡಲಿಲ್ಲ. ಈಗ ಅವಳ ಪರವಾಗಿ ನಾವು ಊರೆದುರಿಗೆ ಬಾಯಿ ಬಿಡುವುದು ಸರಿಯೇ? ಹೇಳಬೇಕೆಂದಿದ್ದರೆ ಅವಳೇ ಹೇಳುತ್ತಿದ್ದಳು" ಎಂದನು. ಅವನ ಮಾತಿನಲ್ಲಿ ನ್ಯಾಯವಿತ್ತು. ಆ ತರಗತಿಯವರ ಧರ್ಮವೇನೋ ಎಲ್ಲವನ್ನೂ ಬಯಲಿನಲ್ಲಿ ಮಾಡಬೇಕೆಂಬುದು. ಆದರೆ ನನ್ನ ಕಥೆಯನ್ನು ಬಯಲಿಗಿಡುವ ಅಧಿಕಾರ ನನಗುಂಟು. ಸತ್ತವರ ಕಥೆಯನ್ನು ಬಯಲಿಗಿಡುವ ಅಧಿಕಾರ ಯಾರಿಗುಂಟು? ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದನು. ಅದು ಪದಪ್ರಯೋಗಕ್ಕೆ ಮಾತ್ರ ಸಲ್ಲುವ ಮಾತಲ್ಲ. ಮತ್ತೊಂದು ಕಡೆ ನೋಡಿದರೆ, ಮೌನವೆಲ್ಲವೂ ಬಚ್ಚಿಡುವುದಕ್ಕಾಗಿಯೇ ಇರುವುದಿಲ್ಲ. ಕೇಳುವವರಿಲ್ಲದೆ ಉಳಿದ ಮೌನವೂ ಉಂಟು. ಆಕೆ ಪ್ರತಿ ಮಳೆಗಾಲದಲ್ಲಿಯೂ ಆ ಕಥೆಯನ್ನು ಅದೇ ರೀತಿಯಲ್ಲಿ ಹೇಳುತ್ತಿದ್ದಳಲ್ಲ? ಅದು ಹೇಳಿಕೆಯಲ್ಲದೆ ಮತ್ತೇನು?

ಒಂದು ವಾರ ಕಳೆಯಿತು. ಕೊನೆಗೆ ತಾಯಿಯನ್ನೇ ಕೇಳಿದೆನು. ಅಂದು ಆಕೆಯ ನೆನಪು ತಿಳಿಯಾಗಿತ್ತು. "ಹೇಳು. ಬಾಗಿಲು ತಡವಾಗಿ ತೆಗೆದರೆಂದು ಹೇಳು. ಯಾರು ತಡಮಾಡಿದರೆಂದು ಮಾತ್ರ ಹೇಳಬೇಡ. ಅವರೂ ಹೋದರು" ಎಂದಳು. ಇದನ್ನು ತಮ್ಮನಿಗೆ ತಿಳಿಸಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಮ್ಮ ಹೇಳಿದ ಮೇಲೆ ಆಯಿತು" ಎಂದನು. ಮುಂದಿನ ಭಾನುವಾರ ತಾನೇ ಬಂದು, ಅತ್ತೆಯ ಹಿತ್ತಾಳೆಯ ಲೋಟವೊಂದು ತನ್ನ ಬಳಿ ಇದೆಯೆಂದು ಅದರ ಚಿತ್ರವನ್ನು ತೆಗೆಯಲು ಕೊಟ್ಟನು.

ಹೀಗೆ ಎರಡು ಕೃತಿಗಳಾದವು. ಐದು ಶಬ್ದಗಳ ಕಥೆಯನ್ನು ಅಂತರ್ಜಾಲಕ್ಕೆ ಒಪ್ಪಿಸಿದೆನು. ಯಾರು ಬೇಕಾದರೂ ಕೇಳಬಹುದು. ಮಳೆಯೂ ಬಾಗಿಲೂ ಗುಬ್ಬಿಯೂ ಅದರಲ್ಲಿವೆ. ಚಿತ್ರಗಳಿಂದ ಕೂಡಿದ ಎರಡು ನಿಮಿಷ ಐವತ್ತು ಕ್ಷಣಗಳ ಕಥೆಯನ್ನು ಮನೆಯವರಿಗಾಗಿ ಉಳಿಸಿಕೊಂಡೆನು. ಅದರಲ್ಲಿ ನನ್ನ ಮಾತು ಅರ್ಧ, ತಾಯಿಯ ಮಾತು ಅರ್ಧ. ತಾಯಿಯ ದನಿ ನಡುಗುವುದನ್ನು ತಿದ್ದಬಹುದಾಗಿತ್ತು. ಆಕೆ ಮಾತಿನ ನಡುವೆ ನಿಂತ ಕಡೆಗಳಲ್ಲಿ ನೇರವಾದ ಗೆರೆಯನ್ನು ಕತ್ತರಿಸಬಹುದಾಗಿತ್ತು. ಯಾವುದನ್ನೂ ಮುಟ್ಟಲಿಲ್ಲ. ಮಿತವ್ಯಯವು ಏಳು ಅಂಗಗಳಲ್ಲಿ ಒಂದಾದರೂ ಕಂಠವೂ ಅವುಗಳಲ್ಲಿ ಒಂದೇ ತಾನೆ?

ಅತ್ತೆಯ ಕಂಠ ಮಾತ್ರ ಎಲ್ಲಿಯೂ ಇಲ್ಲ. ನಮ್ಮ ಮನೆಗೆ ಟೇಪ್ ರಿಕಾರ್ಡರ್ ಬಂದದ್ದು ಆಕೆ ಹೋದ ಮರುವರ್ಷ. ಆ ಕಥೆಯನ್ನು ಅವಳಂತೆ ಹೇಳಬಲ್ಲವರು ಈಗ ಲೋಕದಲ್ಲಿ ಒಬ್ಬರೇ. ಅವರಿಗೆ ಎಂಬತ್ತಮೂರು ವರ್ಷ. ಆ ನೆನಪೂ ಎಷ್ಟು ದಿನ ಇರುವುದೋ ಬಲ್ಲವರಿಲ್ಲ. ಈಗ ವಾರಕ್ಕೆರಡು ದಿನ ತಾಯಿಯ ಬಳಿ ಕುಳಿತು, ಮೊಬೈಲನ್ನು ದಿಂಬಿನ ಪಕ್ಕದಲ್ಲಿಟ್ಟು, ಆಕೆ ಹೇಳಿದಷ್ಟನ್ನು ಮುದ್ರಿಸಿಕೊಳ್ಳುತ್ತಿದ್ದೇನೆ. ಕೆಲವು ದಿನ ಒಂದು ವಾಕ್ಯ. ಕೆಲವು ದಿನ ಅದೂ ಇಲ್ಲ.

ವಾಚಕರಲ್ಲಿ ಗೃಹಸ್ಥರಾದವರಿಗೆ, ಹಳೆಯ ಅಭ್ಯಾಸಬಲದಿಂದ, ನಾನೂ ಒಂದು ಗೃಹಪಾಠವನ್ನು ಕೊಡಲು ಅಪ್ಪಣೆ ಬೇಡುತ್ತೇನೆ. ಫ್ರೆಡರಿಕ್ಸ್‌ಬರ್ಗಿನವರ ಭಂಡಾರದಲ್ಲಿ ಹುಡುಕುವ ಶ್ರಮವಿಲ್ಲ. ಇದಕ್ಕೆ ನಕ್ಷತ್ರ ಒಂದೇ. ಮನೆಯಲ್ಲಿ ಹಿರಿಯರೊಬ್ಬರಿದ್ದರೆ, ಅವರು ಚಿಕ್ಕಂದಿನಲ್ಲಿ ನಿಮಗೆ ಹೇಳುತ್ತಿದ್ದ ಒಂದು ಕಥೆಯನ್ನು ಮತ್ತೆ ಹೇಳಿಸಿರಿ. ಮೂರು ನಿಮಿಷ ಸಾಕು. ಸದ್ದಿಲ್ಲದ ವೇಳೆಯನ್ನು ನೋಡಿಕೊಳ್ಳಿರಿ. ಯಂತ್ರವನ್ನು ಬಾಯಿಗೆ ಹಿಡಿಯದೆ ಪಕ್ಕದಲ್ಲಿಡಿರಿ. ನಡುವೆ ಬಾಯಿ ಹಾಕಬೇಡಿರಿ. ಅವರು ಲೋಕ ಹೇಳುವುದಕ್ಕಿಂತ ಬೇರೆಯಾಗಿ ಹೇಳಿದರೆ ತಿದ್ದಬೇಡಿರಿ. ಏಕೆ ಹಾಗೆಂದು ಮೆಲ್ಲನೆ ಕೇಳಿರಿ. ಮುದ್ರಿಸಿದ್ದನ್ನು ಯಾರಿಗೆ ಕೇಳಿಸಬಹುದೆಂಬುದನ್ನೂ ಅವರ ಬಾಯಿಂದಲೇ ತಿಳಿದುಕೊಳ್ಳಿರಿ. ಒಪ್ಪಿಸಬೇಕಾದ ದಿನಾಂಕವನ್ನು ನಾನು ಗೊತ್ತುಮಾಡಲಾರೆ. ತಡಮಾಡದಿರುವುದು ಒಳ್ಳೆಯದು.